ಕೆಂಪು ಬಂಡೆಯ ಕಡಲಿಗೆ ಹೋಗದ ವರ್ಷ

ಹೋದ ವಾರ ದಿಯಾ ಮಳೆಯಲ್ಲಿ ನೆನೆದುಕೊಂಡು ಬಂದು, ತೊಟ್ಟಿದ್ದ ಅವಳಮ್ಮನ ಹಳೆಯ ಜಾಕೆಟ್ಟನ್ನು ಹೀಟರಿನ ಪಕ್ಕದ ಕುರ್ಚಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಒದ್ದೆ ಫ್ಲಾನಲ್ ಒಣಗುವ ವಾಸನೆ ಅಡಿಗೆಮನೆಯವರೆಗೂ ಬಂತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತೆ.

"ಅಜ್ಜಿ, ಇದರೊಳಗೆ ಈ ಚೆಕ್ಸ್ ಬಟ್ಟೆ ಯಾರು ಹೊಲ್ದಿದ್ದು? ಇಟ್ಸ್ ಸೋ ವಾರ್ಮ್" ಎಂದಳು ದಿಯಾ.

"ತಾತ."

"ಓ, ಆ ಇಂಗ್ಲೆಂಡ್ ಟ್ರಿಪ್‌ಗಾ? ತಾತಂಗೆ ಸಿಕ್ ಆಯ್ತು ಅಂತ ಕ್ಯಾನ್ಸಲ್ ಮಾಡಿದ್ರಲ್ಲ?"

ನಾನು ಹೂಂ ಅಂದೆ. ಒಳಗೆ ಬಂದು ನೋಡಿದರೆ ಒಗ್ಗರಣೆ ಕರಟಿಹೋಗಿತ್ತು.

ಮಕ್ಕಳೇ, ನಿಮಗೆ ಅಷ್ಟೇ ಗೊತ್ತಿರುವುದು. ಅದು ಸುಳ್ಳಲ್ಲ, ಆದರೆ ನಡೆದದ್ದು ಅಷ್ಟೇ ಅಲ್ಲ. ನನಗೆ ಎದುರಿಗೆ ಕೂತು ಹೇಳಲು ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನ ಇದ್ದ ಕಡೆ ಬಾಯಿ ಕಟ್ಟಿಹೋಗುತ್ತದೆ, ಮೊಮ್ಮಕ್ಕಳ ಮುಂದೆಯೂ. ಬರೆಯುವುದಾದರೆ ಹೇಗೋ ಆಗುತ್ತದೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಆದ್ದರಿಂದ ಇದನ್ನು ಅನನ್ಯಳಿಗೆ ಅವಳಮ್ಮ ಶೈಲಾ, ದಿಯಾಳಿಗೆ ಅವಳಪ್ಪ ಪ್ರಸನ್ನ ಓದಿ ಹೇಳಬೇಕಾಗುತ್ತದೆ. ಓದುವಾಗ ಅವರು ನಡುವೆ ನಿಲ್ಲಿಸಿದರೆ ಅವಸರ ಮಾಡಬೇಡಿ.

ಆ ವರ್ಷ ಸಂಕ್ರಾಂತಿ ಮುಗಿಸಿ ನಾನು, ನಿಮ್ಮ ತಾತ ಕಡೂರಿನಿಂದ ಸಿಡ್ನಿಗೆ ಬಂದೆವು. ಶೈಲಾ ಮಾರ್ಸ್ಡನ್ ಪಾರ್ಕ್ ಎಂಬ ಕಡೆ ಹೊಸ ಮನೆ ಕೊಂಡಿದ್ದಳು. ಬಡಾವಣೆಯಲ್ಲಿ ಅರ್ಧ ಮನೆಗಳು ಇನ್ನೂ ಮರದ ಚೌಕಟ್ಟಿನಲ್ಲೇ ನಿಂತಿದ್ದವು. ಒಂದು ಮರ ಇರಲಿಲ್ಲ, ನೆರಳಿರಲಿಲ್ಲ. ಶೈಲಾ ಸಿಡ್ನಿಯಲ್ಲೇ ಇರುವ ಲಿವರ್‌ಪೂಲ್‌ನಲ್ಲಿ ನರ್ಸ್ ಕೆಲಸಕ್ಕೆ, ಅಳಿಯ ನಾರ್ತ್ ಸಿಡ್ನಿಯ ಆಫೀಸಿಗೆ, ಅನನ್ಯ ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಿಮ್ಮ ತಾತ ಊರಿನಲ್ಲಿ ಟೈಲರ್, ಸುಮ್ಮನೆ ಕೂತು ಅಭ್ಯಾಸವಿಲ್ಲ. ಅವರ ಚಡಪಡಿಕೆ ನೋಡಲಾಗದೆ ಅಳಿಯ ಯಾರದೋ ಹಳೆಯ ಹೊಲಿಗೆ ಮೆಷಿನ್ ತಂದು ಗರಾಜಿನಲ್ಲಿ ಇಟ್ಟುಕೊಟ್ಟರು. ಅಂದಿನಿಂದ ಅದು ಅವರ ಅಂಗಡಿಯಾಯಿತು. ಬೆಳಿಗ್ಗೆ ಕಾಫಿ ಕುಡಿದು ಕುತ್ತಿಗೆಗೆ ಟೇಪು ಹಾಕಿಕೊಂಡು, "ಅಂಗಡಿ ಬಾಗಿಲು ತೆಗೀತೀನಿ ಕಣೆ" ಎಂದು ಹೋಗುತ್ತಿದ್ದರು.

ಇಂಗ್ಲೆಂಡಿನ ಮಾತು ತೆಗೆದವಳು ಶೈಲಾ. ಆಸ್ಟ್ರೇಲಿಯಾಕ್ಕೆ ಬರುವ ಮುಂಚೆ ಅವಳು ಇಂಗ್ಲೆಂಡಿನ ದಕ್ಷಿಣದಲ್ಲಿ, ಡೆವನ್ ಎಂಬ ಸೀಮೆಯ ಕಡಲೂರಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಮಾರ್ಗರೆಟ್ ಎಂಬ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಮದುವೆಗೆ ಮುಂಚಿನ ಆ ಒಂಟಿ ದಿನಗಳಲ್ಲಿ ಸಮುದ್ರದ ದಂಡೆಯ ಬೆಟ್ಟದ ಮೇಲೆ ನಡೆದು ನಡೆದು ಅಳು ಮರೆತೆ ಎಂದು ಹೇಳುತ್ತಿದ್ದಳು. ಆ ಮಾರ್ಗರೆಟ್ ಈಗ ಪಕ್ಕದ ಚಿಕ್ಕ ಮನೆಯನ್ನು ರಜೆಗೆ ಬರುವವರಿಗೆ ಬಿಟ್ಟುಕೊಡುತ್ತಾಳಂತೆ. ಸೆಪ್ಟೆಂಬರ್ ಕೊನೆಯ ಶಾಲೆ ರಜೆಯಲ್ಲಿ ಸಿಡ್ನಿಯವರೂ ಮೆಲ್ಬರ್ನಿನ ಪ್ರಸನ್ನನ ಮನೆಯವರೂ ಸೇರಿ ಎಲ್ಲರೂ ಅಲ್ಲಿಗೆ ಹೋಗುವುದು ಎಂದಾಯಿತು. ಗೊತ್ತಿರುವ ಹುಡುಗಿ, ಮುಂಗಡ ಬೇಡ, ಬಂದುಬಿಡಿ ಸಾಕು ಎಂದಳಂತೆ ಮಾರ್ಗರೆಟ್.

ಶೈಲಾ ಫ್ರಿಜ್ಜಿನ ಬಾಗಿಲಿಗೆ ಚಿತ್ರಗಳನ್ನು ಅಂಟಿಸಿದಳು. ಸಮುದ್ರದಿಂದ ನೇರ ಎದ್ದ ಕೆಂಪು ಬಂಡೆಗಳು. ಅದರ ಮೇಲೆ ಹಸಿರು ಹೊಲ, ಹೊಲದಲ್ಲಿ ಕುರಿ. ನಿಮ್ಮ ತಾತ ಕನ್ನಡಕ ಏರಿಸಿ ನೋಡಿದರು.

"ಇದೇನಮ್ಮ, ನಮ್ಮ ಕಡೆ ಮಣ್ಣಿನ ಹಂಗೇ ಕೆಂಪಗಿದೆ."

"ಅದಕ್ಕೇ ಅಪ್ಪ ನಿಮಗೆ ತೋರಿಸ್ಬೇಕು ಅನ್ನೋದು. ಉತ್ತ ಹೊಲ ನೋಡಿದ್ರೆ ಊರೇ ನೆನಪಾಗುತ್ತೆ. ಅದರ ಪಕ್ಕದಲ್ಲೇ ಸಮುದ್ರ."

ಆಮೇಲೆ ಭಾನುವಾರದ ವಿಡಿಯೋ ಕಾಲಿನಲ್ಲಿ ಇದೇ ಮಾತು. ಪ್ರಸನ್ನ ಮೆಲ್ಬರ್ನಿನಿಂದ ಮ್ಯಾಪು ತೋರಿಸುವನು. ಕೆಳಗಿನ ಕೋಣೆ ಅಪ್ಪ ಅಮ್ಮನಿಗೆ, ಮಕ್ಕಳಿಗೆ ಮೇಲೆ ಸೂರಿನಡಿಯ ಕೋಣೆ. ಲಂಡನ್ನಿನಿಂದ ರೈಲು, ಅಲ್ಲಿಂದ ಬಾಡಿಗೆ ಕಾರು. ಅಲ್ಲಿಯ ಹಳ್ಳಿದಾರಿ ಎರಡು ಕಾರು ಎದುರಾದರೆ ಒಂದು ಹಿಂದಕ್ಕೆ ಹೋಗುವಷ್ಟು ಕಿರಿದಂತೆ, ಎರಡೂ ಕಡೆ ಆಳೆತ್ತರದ ಬೇಲಿಯಂತೆ.

"ನಮ್ಮ ಸಂತೆ ದಾರಿ ಥರ ಅನ್ನು" ಎಂದರು ತಾತ. "ಹಸು ಇದಾವಾ?"

"ಬೇಕಾದಷ್ಟು ಇದಾವೆ ಅಪ್ಪ. ಕ್ರೀಮ್‌ಗೇ ಫೇಮಸ್ ಅದು."

"ಹಂಗಾದ್ರೆ ನಿಮ್ಮಮ್ಮಂಗೆ ಮಜ್ಜಿಗೆ ಚಿಂತೆ ಇಲ್ಲ ಬಿಡು."

ಗಾಳಿ ಬಹಳ ಎಂದು ಕೇಳಿದ ಮೇಲೆ ಅವರು ಎಲ್ಲರ ಮಳೆ ಜಾಕೆಟ್ಟುಗಳನ್ನು ಬಿಚ್ಚಿ ಒಳಗೆ ಫ್ಲಾನಲ್ ಹಾಕಲು ಕೂತರು. ಆ ಚಳಿಗಾಲದಲ್ಲಿ ನಾನು ಒಳಗೆ ಚಪಾತಿ ಲಟ್ಟಿಸುವಾಗ ಗರಾಜಿನಿಂದ ಮೆಷಿನ್ನಿನ ಸದ್ದು ಬರುತ್ತಿತ್ತು. ಪಾಸ್‌ಪೋರ್ಟುಗಳನ್ನು ಇಂಗ್ಲೆಂಡ್ ವೀಸಾಕ್ಕೆಂದು ಕೊಟ್ಟದ್ದು ಜೂನ್ ಕೊನೆಯಲ್ಲಿ. ಬೆರಳಚ್ಚು ಕೊಡಲು ಸಿಟಿಗೆ ಹೋದ ದಿನ ನಿಮ್ಮ ತಾತ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದ್ದರು. ಬೆಲ್ಟು ಬಿಗಿದರೂ ಅದು ಜಾರುತ್ತಿತ್ತು. ಬಂದವರೇ ಮೆಷಿನ್ನಿಗೆ ಕೂತು ಅದರ ಸೊಂಟ ಹಿಡಿಸಿ ಕಿರಿದು ಮಾಡಿದರು. "ನಿನ್ನ ಅಡಿಗೇಲಿ ಸತ್ವ ಇಲ್ಲ ಕಣೆ" ಎಂದು ನನ್ನನ್ನು ಆಡಿಕೊಂಡರು.

ಆಮೇಲಿನ ವಾರದಲ್ಲಿ ಕಣ್ಣು ಹಳದಿಯಾಯಿತು. ಶೈಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನು ಆಯಿತು. ಡಾಕ್ಟರು ಒಂದು ಚಿಕ್ಕ ಕೋಣೆಯಲ್ಲಿ ನಮ್ಮನ್ನು ಕೂರಿಸಿದರು. ಫೋನಿನಲ್ಲಿ ಕನ್ನಡ ಬಲ್ಲವರೊಬ್ಬರನ್ನು ಕರೆಸಲೇ ಎಂದು ಅವರು ಕೇಳಿದರು, ಬೇಡ, ನಾನೇ ಹೇಳುತ್ತೇನೆ ಎಂದು ಶೈಲಾ ಅಂದಳು. ಡಾಕ್ಟರು ನಿಮ್ಮ ತಾತನ ಮುಖವನ್ನೇ ನೋಡುತ್ತ ನಿಧಾನವಾಗಿ ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಶೈಲಾ ಅಪ್ಪನ ಕಡೆ ತಿರುಗಿ, "ಅಪ್ಪ, ಲಿವರ್ ಸ್ವಲ್ಪ ಊದಿದೆಯಂತೆ. ಒಂದು ಚಿಕ್ಕ ಟ್ಯೂಬ್ ಹಾಕ್ತಾರೆ. ಮಾತ್ರೆ ಕೊಡ್ತಾರೆ, ಸರಿಹೋಗುತ್ತೆ" ಎಂದಳು. ಅಷ್ಟು ಉದ್ದದ ಮಾತು ಕನ್ನಡದಲ್ಲಿ ಇಷ್ಟು ಚಿಕ್ಕದಾಯಿತು. ನಿಮ್ಮ ತಾತ ಡಾಕ್ಟರಿಗೆ ಕೈ ಮುಗಿದು, "ಥ್ಯಾಂಕ್ಯೂ ಸಾರ್" ಎಂದರು. ಡಾಕ್ಟರು ಎದ್ದು ಬಂದು ಅವರ ಭುಜ ಹಿಡಿದುಕೊಂಡರು.

ಮನೆಗೆ ಬಂದ ಮೇಲೆ ಶೈಲಾ ಬಟ್ಟೆ ಒಗೆಯುವ ಕೋಣೆಯಲ್ಲಿ ಮೆಷಿನ್ ಹಾಕಿ, ಆ ಸದ್ದಿನಲ್ಲಿ ನನಗೆ ಹೇಳಿದಳು. ಗಡ್ಡೆ. ಹರಡಿದೆ. ಆಪರೇಷನ್ ಆಗುವುದಿಲ್ಲ. ತಿಂಗಳುಗಳ ಮಾತು.

"ಅವರಿಗೆ ಹೇಳ್ಬೇಕಲ್ಲೇ."

"ಬೇಡಮ್ಮ. ಪ್ರಸನ್ನನೂ ಬೇಡ ಅಂದ. ಅಪ್ಪಂಗೆ ಗೊತ್ತಾದ್ರೆ ಆ ದಿನಾನೇ ಅರ್ಧ ಹೋಗ್ಬಿಡ್ತಾರೆ. ನಾನು ದಿನಾ ನೋಡ್ತೀನಿ ಅಂಥೋರನ್ನ."

"ಇಂಗ್ಲೆಂಡು?"

"ಅದನ್ನ ಈಗ ಕ್ಯಾನ್ಸಲ್ ಮಾಡಿದ್ರೆ ಅಪ್ಪಂಗೆ ಡೌಟ್ ಬರಲ್ವಾ? ನಡೀಲಿ. ಖುಷಿಯಾಗಿರ್ತಾರೆ."

ನಮ್ಮ ಕಡೆ ರೋಗಿಗೆ ಇಂಥದನ್ನು ಹೇಳುವ ಪದ್ಧತಿ ಇಲ್ಲ. ನನ್ನ ಮಾವನಿಗೂ ಹೇಳಿರಲಿಲ್ಲ, ನನ್ನ ತಾಯಿಗೂ ಹೇಳಿರಲಿಲ್ಲ. ಮನೆಯವರೆಲ್ಲ ಹೊರಗೆ ಅತ್ತು ಮುಖ ತೊಳೆದುಕೊಂಡು ಒಳಗೆ ಹೋಗುವುದು, ಅದೇ ಪ್ರೀತಿ ಎಂದು ನಾವೆಲ್ಲ ತಿಳಿದವರು. ಶೈಲಾಳೂ ಅದನ್ನೇ ನೋಡಿ ಬೆಳೆದವಳು. ಈ ದೇಶದಲ್ಲಿ ಅವಳು ಏನು ಓದಿದ್ದರೂ ಅಪ್ಪನ ವಿಷಯಕ್ಕೆ ಬಂದಾಗ ಕಡೂರಿನ ಹುಡುಗಿಯಾದಳು.

ಹೀಗಾಗಿ ಭಾನುವಾರದ ವಿಡಿಯೋ ಮಾತುಕತೆ ನಡೆದೇ ನಡೆಯಿತು. "ಅಪ್ಪ, ಬೆಟ್ಟದ ದಾರೀಲಿ ನಡೀಬೇಕು, ಪ್ರಾಕ್ಟೀಸ್ ಮಾಡ್ಕೊಳಿ" ಎಂದು ಪ್ರಸನ್ನ ನಗುತ್ತ ಹೇಳುವನು. ಹೇಳಿ ಫೋನನ್ನು ದಿಯಾಳ ಕೈಗೆ ಕೊಟ್ಟು ಎದ್ದುಹೋಗುವನು. ದಿಯಾ ಪರದೆಯ ತುಂಬ ಮೂಗು ತೋರಿಸುತ್ತ ಏನೇನೋ ಹೇಳುತ್ತಿದ್ದಳು. ನಿಮ್ಮ ತಾತ ಮಗ ಹೇಳಿದನೆಂದು ದಿನಾ ಸಂಜೆ ಬಡಾವಣೆಯ ರಸ್ತೆಯಲ್ಲಿ ಅನನ್ಯಳ ಜೊತೆ ನಡೆದರು. ಮೊದಲು ಪಾರ್ಕಿನವರೆಗೆ. ಆಮೇಲೆ ಅರ್ಧಕ್ಕೆ. ಆಮೇಲೆ ಮನೆ ಮುಂದಿನ ಅಂಚೆ ಡಬ್ಬಿಯವರೆಗೆ.

ಜುಲೈ ಮಧ್ಯದಲ್ಲಿ ಅವರು ಇನ್ನೂ ಓಡಾಡಿಕೊಂಡಿದ್ದಾಗ ನಡೆದದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ. ತರೀಕೆರೆಯಲ್ಲಿ ಅವರ ಅಕ್ಕ ಗೌರಮ್ಮ ಇದ್ದಾರೆ, ನೀವು ಫೋನಿನಲ್ಲಿ ನೋಡಿರುವ ಗೌರಜ್ಜಿ. ನಿಮ್ಮ ತಾತನ ತಾಯಿ ಹೆರಿಗೆಯಲ್ಲೇ ಹೋದರು. ಎತ್ತಿ ಆಡಿಸಿ, ಉಣ್ಣಿಸಿ, ಟೈಲರ್ ಅಂಗಡಿಗೆ ಕೈಹಿಡಿದು ಬಿಟ್ಟುಬಂದವರು ಈ ಅಕ್ಕ. ಎಂಬತ್ತು ದಾಟಿದೆ. ಶನಿವಾರ ಶನಿವಾರ ಅಕ್ಕನಿಗೆ ಫೋನು ಮಾಡದೆ ನಿಮ್ಮ ತಾತ ಊಟಕ್ಕೆ ಕೂರುತ್ತಿರಲಿಲ್ಲ. ಆ ಶನಿವಾರ ಅಕ್ಕ, "ಕಣ್ಣು ಮಂಜು ಮಂಜು ಕಣೋ ಮಗ. ಆಪರೇಷನ್ ಅಂತಾರೆ. ನೀನು ಬಂದ್ರೆ ಮಾಡಿಸ್ಕೋತೀನಿ, ಇಲ್ದಿದ್ರೆ ಬೇಡ" ಎಂದರು.

"ಇಂಗ್ಲೆಂಡಿಗೆ ಹೋಗ್ತಿದೀವಲ್ಲಕ್ಕ."

"ಸಮುದ್ರ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ಮಲ್ಪೆ ಏನು ಬತ್ತೋಗಿದ್ಯಾ?"

ನಿಮ್ಮ ತಾತ ಜೋರಾಗಿ ನಕ್ಕರು. ಊಟಕ್ಕೆ ಕೂತಾಗ ಶೈಲಾಳಿಗೆ, "ಇಂಗ್ಲೆಂಡಿಗೆ ಇನ್ನೂ ಟೈಮಿದೆಯಲ್ಲಮ್ಮ. ಅಷ್ಟರಲ್ಲಿ ಹದಿನೈದು ದಿನ ಹೋಗಿ ಅಕ್ಕನ್ನ ನೋಡ್ಕೊಂಡು ಬಂದ್ಬಿಡ್ತೀನಿ" ಎಂದರು.

ಶೈಲಾ ಅನ್ನ ಕಲಸುವುದನ್ನು ನಿಲ್ಲಿಸಿದಳು. "ಪಾಸ್‌ಪೋರ್ಟ್ ವೀಸಾಗೆ ಕೊಟ್ಟಿದೀವಲ್ಲಪ್ಪ. ಈಗ ವಾಪಸ್ ಕೇಳಿದ್ರೆ ಅಪ್ಲಿಕೇಶನ್ನೇ ಹೋಗುತ್ತೆ. ಇಂಗ್ಲೆಂಡ್ ಮುಗಿಸ್ಕೊಂಡು ಅಲ್ಲಿಂದ್ಲೇ ಬೆಂಗಳೂರಿಗೆ ಹೋಗಿ. ಅತ್ತೆ ಹತ್ರ ಎಷ್ಟು ದಿನ ಬೇಕಾದ್ರೂ ಇರಿ."

"ಹಂಗಾದ್ರೆ ಬಿಡು. ಮಕ್ಕಳು ಆಸೆಪಟ್ಟಿದಾವೆ" ಎಂದು ಅವರು ಮಜ್ಜಿಗೆ ಹಾಕಿಸಿಕೊಂಡರು.

ಪಾತ್ರೆ ತೊಳೆಯುವಾಗ ನಾನು ಶೈಲಾಳ ಹತ್ತಿರ, "ವೀಸಾ ಹೋದ್ರೆ ಹೋಗ್ಲಿ ಕಣೆ. ಹೆಂಗೂ ಹೋಗಲ್ವಲ್ಲ. ಪಾಸ್‌ಪೋರ್ಟ್ ವಾಪಸ್ ತರಿಸಿ ಅವರನ್ನ ಕಳಿಸ್ಬಿಡು" ಎಂದೆ.

"ಅಲ್ಲಿ ಹೋಗಿ ಜಾಸ್ತಿ ಆದ್ರೆ ಯಾರಮ್ಮ ನೋಡ್ಕೋತಾರೆ? ಅತ್ತೆಗೇ ಕಣ್ಣು ಕಾಣಲ್ಲ. ಕೀಮೋ ಸ್ವಲ್ಪ ಕೆಲಸ ಮಾಡಿದ್ರೆ ಅಕ್ಟೋಬರ್‌ನಲ್ಲಿ ನಾನೇ ಕರ್ಕೊಂಡು ಹೋಗ್ತೀನಿ. ಪ್ರಾಮಿಸ್" ಎಂದಳು. ಅವಳ ಕೈ ಸೋಪಿನ ನೀರಿನೊಳಗೇ ಇತ್ತು, ಕಣ್ಣು ಒರೆಸಿಕೊಳ್ಳಲಾಗದೆ ತೋಳಿಗೆ ಮುಖ ಉಜ್ಜಿಕೊಂಡಳು. ಅವಳು ಓದಿದವಳು, ನೋಡಿದವಳು. ನಾನು ತಟ್ಟೆ ಒರೆಸಿ ಇಟ್ಟೆ.

ಗರಾಜಿನ ಚುಚ್ಚುವ ಚಳಿಯಲ್ಲಿ ಅವರು ಜಾಕೆಟ್ಟುಗಳನ್ನು ಮುಗಿಸಿದರು. ತಮ್ಮ ಪ್ಯಾಂಟಿನ ಸೊಂಟವನ್ನು ಇನ್ನೊಮ್ಮೆ ಹಿಡಿಸಿದರು. ಕೀಮೋದಿಂದ ಬಂದ ದಿನಗಳಲ್ಲಿ ಅನ್ನದ ವಾಸನೆ ಆಗುತ್ತಿರಲಿಲ್ಲ. ಆ ಕೀಮೋವನ್ನು ಅವರಿಗೆ ಲಿವರಿನ ಊತಕ್ಕೆ ಕೊಡುವ ಡ್ರಿಪ್ ಎಂದು ಹೇಳಿದ್ದೆವು. ಆಗಸ್ಟಿನಲ್ಲಿ ವೀಸಾ ಸಿಕ್ಕಿ ಪಾಸ್‌ಪೋರ್ಟುಗಳು ಮನೆಗೆ ಬಂದವು. ಅವರು ಅದನ್ನು ಫೋನಿನ ಮುಂದೆ ಹಿಡಿದು ಅಕ್ಕನಿಗೆ ತೋರಿಸಿದರು. "ನಂಗೇನೂ ಕಾಣಲ್ಲ ಮಗ, ನೀನು ಇನ್ನೊಂದ್ಚೂರು ಹತ್ರ ಬಾ" ಎಂದರು ಅಕ್ಕ.

ಅದಾದ ಮೇಲೆ, ಅಪ್ಪ ತನ್ನ ಹತ್ತಿರವೂ ಕೆಲವು ದಿನ ಇರಲೆಂದು ಪ್ರಸನ್ನ ಬಂದು ನಮ್ಮನ್ನು ಮೆಲ್ಬರ್ನಿನ ಈ ಮನೆಗೆ ಕರೆದುಕೊಂಡು ಬಂದ. ಸಿಡ್ನಿಯ ಚಳಿ ಒಣಚಳಿ, ಇಲ್ಲಿಯದು ಮೂಳೆಗಿಳಿಯುವ ಹಸಿಚಳಿ. ಬಂದ ವಾರಾಂತ್ಯ ಪ್ರಸನ್ನ, "ಅಪ್ಪ, ಇಂಗ್ಲೆಂಡಿಗೆ ರಿಹರ್ಸಲ್ ಮಾಡೋಣ" ಎಂದು ಗ್ರೇಟ್ ಓಷನ್ ರೋಡಿಗೆ ಕಾರು ಹತ್ತಿಸಿದ. ಅಪ್ಪನಿಗೆ ಒಂದು ಕಡಲನ್ನಾದರೂ ತೋರಿಸುವ ಆಸೆ ಅವನಿಗೆ. ದಾರಿಯುದ್ದಕ್ಕೂ ಮೋಡ. ಸಮುದ್ರ ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು. ಬಂಡೆಯ ಮೇಲೆ ನಿಂತು ನೋಡುವ ಕಟ್ಟೆ ಕಾರು ನಿಲ್ಲಿಸುವ ಜಾಗಕ್ಕೆ ಹತ್ತಿರವೇ ಇತ್ತು. ನಿಮ್ಮ ತಾತ ಅಷ್ಟು ದೂರ ಹೊರಟು, ನಡುವೆ ಇದ್ದ ಬೆಂಚಿನ ಮೇಲೆ ಕೂತುಬಿಟ್ಟರು.

"ನೀವು ಹೋಗಿ ಬನ್ನಿ. ಮಗೂಗೆ ತೋರಿಸು. ನಾನು ಇಲ್ಲೇ ಗಾಳಿ ಕುಡೀತೀನಿ" ಎಂದು ಪ್ರಸನ್ನನನ್ನೂ ದಿಯಾಳನ್ನೂ ಕಳಿಸಿದರು. ನಾನು ಅವರ ಪಕ್ಕದಲ್ಲಿ ಕೂತೆ. ಅವರಿಗೆ ಉಸಿರು ಹತ್ತಿಕೊಂಡಿತ್ತು.

"ಇಲ್ಲೇ ಹಿಂಗಾದ್ರೆ ಅಲ್ಲಿ ಬೆಟ್ಟ ಹೆಂಗೆ ಹತ್ತಲಿ ಇವಳೇ? ನಾನೊಂದು ಯೋಚನೆ ಮಾಡಿದೀನಿ. ನೀವೆಲ್ಲ ಇಂಗ್ಲೆಂಡಿಗೆ ಹೋಗಿ. ನಾನು ಇಲ್ಲಿಂದ ಸೀದಾ ಅಕ್ಕನ ಹತ್ರ ಹೋಗ್ತೀನಿ. ಅವಳ ಕೈಯೂಟ ಉಂಡ್ರೆ ನಾನು ಸರಿಹೋಗ್ತೀನಿ. ಮುಂದಿನ ವರ್ಷ ನಾವಿಬ್ಬರೇ ಹೋಗೋಣ, ಆ ಕೆಂಪು ಬಂಡೆ ನೋಡಕ್ಕೆ."

ಮುಂದಿನ ವರ್ಷ ಎಂದರಲ್ಲ, ಆ ಮಾತನ್ನು ನನ್ನಿಂದ ನುಂಗಲಾಗಲಿಲ್ಲ. ಜೀವನದಲ್ಲಿ ಅವರ ಮಾತಿಗೆ ಎದುರು ಮಾತು ಆಡಿದವಳಲ್ಲ. ಸಮುದ್ರದ ಕಡೆ ನೋಡುತ್ತ, "ರೀ, ನಿಮ್ದು ಬರೀ ಊತ ಅಲ್ಲ" ಎಂದೆ. ಮಿಕ್ಕದ್ದನ್ನು ಹೇಗೆ ಹೇಳಿದೆನೋ ಗೊತ್ತಿಲ್ಲ. ಗಾಳಿಗೆ ಅರ್ಧ ಮಾತು ಹಾರಿಹೋಗಿರಬೇಕು. ಆದರೂ ಅವರಿಗೆ ಎಲ್ಲ ತಿಳಿಯಿತು.

ಪ್ಯಾಂಟಿನ ಅಂಚಿಗೆ ಬೆರಳು ತೂರಿಸಿ ನೋಡಿದರು. ಆಮೇಲೆ, "ಸೊಂಟ ಎರಡು ಸಲ ಹಿಡಿಸ್ದೆ. ಯಾಕೋ ಸರಿಯಿಲ್ಲ ಅನ್ನಿಸ್ತು. ಆದ್ರೆ ಶೈಲಾ ನರ್ಸು, ಅವಳೇ ಹೇಳಿದ್ಮೇಲೆ ನಿಜ ಅಂದ್ಕೊಂಡೆ" ಎಂದರು.

ನಾನು ಹಾರುತ್ತಿದ್ದ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡೆ.

"ಯಾವಾಗ ಗೊತ್ತಾಯ್ತು?"

"ಆ ಸ್ಕ್ಯಾನ್ ಮಾಡಿದ್ರಲ್ಲ, ಅವತ್ತೇ."

"ಅವತ್ತಾ." ಅವರು ತಮ್ಮ ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು ಅವುಗಳನ್ನೇ ನೋಡಿದರು. "ಆಗ ನಾನು ಓಡಾಡ್ಕೊಂಡಿದ್ದೆನಲ್ಲೇ."

ಅಷ್ಟು ಹೊತ್ತಿಗೆ ದಿಯಾ ಓಡಿಬಂದು ತಾತನ ತೊಡೆಯ ಮೇಲೆ ಹತ್ತಿದಳು. ಹಿಂದೆ ಬಂದ ಪ್ರಸನ್ನ ನಮ್ಮಿಬ್ಬರ ಮುಖ ನೋಡಿದ, ಕಾರಿನ ಕಡೆ ತಿರುಗಿಕೊಂಡ.

ಮನೆಗೆ ಬಂದವನೇ ಅವನು ಬೆಂಗಳೂರಿಗೆ ಟಿಕೆಟ್ ಹುಡುಕಿದ. ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ಸೀಟೂ ಇತ್ತು. ವಿಮಾನದವರು ಡಾಕ್ಟರ ಪತ್ರ ಬೇಕೆಂದರು. ಅಷ್ಟರಲ್ಲಿ ಅವರ ಹೊಟ್ಟೆಯಲ್ಲಿ ನೀರು ತುಂಬಿ ಕಾಲು ಬಾತಿತ್ತು. ಇಲ್ಲಿಯ ಡಾಕ್ಟರು ನೋಡಿ, ಈಗ ಅಷ್ಟು ದೂರ ಹಾರಿದರೆ ದಾರಿಯಲ್ಲೇ ಏನಾದರೂ ಆಗಬಹುದು, ಒಂದು ತಿಂಗಳ ಹಿಂದೆ ಕೇಳಿದ್ದರೆ ಬರೆದುಕೊಡುತ್ತಿದ್ದೆ ಎಂದರು. ಈ ಸಲ ಯಾರೂ ಅದನ್ನು ಚಿಕ್ಕದು ಮಾಡಿ ಹೇಳಲಿಲ್ಲ. ಪ್ರಸನ್ನ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಿದ.

ಶೈಲಾ ಸಿಡ್ನಿಯಿಂದ ಬಂದಳು. ಬಾಗಿಲಿಂದ ಒಳಗೆ ಬರುತ್ತಲೇ ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಕೂತಳು. ನಿಮ್ಮ ತಾತ ಅವಳ ತಲೆಯ ಮೇಲೆ ಕೈಯಿಟ್ಟು, "ನೀನು ನನ್ನ ಒಳ್ಳೇದಕ್ಕೇ ಮಾಡ್ದೆ" ಎಂದರು. ಹಾಗೆಂದು ಕೈ ತೆಗೆದು ಗೋಡೆಯ ಕಡೆ ತಿರುಗಿ ಮಲಗಿದರು. ಅವಳು ಕೂತೇ ಇದ್ದಳು.

ಶನಿವಾರ ಅಕ್ಕನಿಗೆ ತಾವೇ ಹೇಳುತ್ತೇನೆ ಎಂದರು. ನಾವು ಮೂವರೂ ಸುತ್ತ ನಿಂತಿದ್ದೆವು.

"ಅಕ್ಕ, ನಾನು ಬರಕ್ಕಾಗಲ್ಲ."

"ಯಾಕೋ, ಇಂಗ್ಲೆಂಡಿಂದು ಮುಂದಕ್ಕೆ ಹೋಯ್ತಾ?"

"ಇಂಗ್ಲೆಂಡಿಗೂ ಹೋಗಲ್ಲ. ನಂಗೆ ಕಾಯಿಲೆ ಅಕ್ಕ. ವಾಸಿ ಆಗೋದಲ್ಲ."

ಆ ಕಡೆ ಯಾರೋ ಟಿವಿ ಆರಿಸಿದ ಸದ್ದು ಕೇಳಿಸಿತು. "ಮುಂಚೇನೇ ಹೇಳಿದ್ರೆ ನಾನೇ ಬರ್ತಿದ್ದೆನಲ್ಲೋ ಮಗ" ಎಂದರು ಅಕ್ಕ. ಬೆಂಗಳೂರನ್ನೂ ನೋಡದ ಹೆಂಗಸು.

"ನಂಗೆ ಗೊತ್ತಿರ್ಲಿಲ್ಲಕ್ಕ" ಎಂದರು ನಿಮ್ಮ ತಾತ. ಶೈಲಾ ಕೋಣೆಯಿಂದ ಹೊರಗೆ ಹೋದಳು.

ಸೆಪ್ಟೆಂಬರಿನ ಮಧ್ಯದಲ್ಲಿ, ಈ ಮನೆಯ ಮುಂದಿನ ಕೋಣೆಯಲ್ಲಿ, ಮಧ್ಯಾಹ್ನದ ಹೊತ್ತಿಗೆ ಅವರು ಹೋದರು. ಇಲ್ಲಿಯ ಪದ್ಧತಿಯಂತೆ ಪೆಟ್ಟಿಗೆಯಲ್ಲಿಟ್ಟು, ಒಂದು ಗುಂಡಿ ಒತ್ತಿ ಬೆಂಕಿಗೆ ಕಳಿಸಿಕೊಟ್ಟೆವು. ಅಳಿಯ ಮತ್ತು ಅನನ್ಯ ಬಂದರು. ಮಂಗಳೂರು ಕಡೆಯ ಒಬ್ಬ ಪುರೋಹಿತರು ತಮ್ಮ ಆಫೀಸಿಗೆ ರಜೆ ಹಾಕಿ ಬಂದು ಕರ್ಮ ಮಾಡಿಸಿದರು. ಆ ದಿನಗಳಲ್ಲಿ ಶೈಲಾ ಒಂದು ಮಾತೂ ಆಡಲಿಲ್ಲ. ಬಂದವರಿಗೆ ಅಳಿಯನೇ ಹೇಳುತ್ತಿದ್ದರು, ಫೋನುಗಳನ್ನು ಪ್ರಸನ್ನ ತೆಗೆದುಕೊಳ್ಳುತ್ತಿದ್ದ. ಅವಳು ಅಡಿಗೆಮನೆಯಲ್ಲಿ ಒರೆಸಿದ್ದನ್ನೇ ಒರೆಸುತ್ತಿದ್ದಳು.

ಹದಿಮೂರನೆಯ ದಿನ ಕಳೆದ ಮೇಲೆ ಒಂದು ಸಂಜೆ ನಾನು ದೀಪ ಹಚ್ಚಿ ಬಂದೆ. ಶೈಲಾಳ ಫೋನು ರಿಂಗಾಯಿತು. ಅವಳು ಸಂಖ್ಯೆ ನೋಡಿ ಬೆಚ್ಚಿದಳು. ಮಾರ್ಗರೆಟ್. ಅಲ್ಲಿ ಆಗ ಬೆಳಿಗ್ಗೆ. ತಾತ ಇರುವಾಗ ಆ ಮನೆ ಬೇಡವೆಂದು ಹೇಳಲು ಯಾರಿಗೂ ಧೈರ್ಯವಾಗಿರಲಿಲ್ಲ, ಆಮೇಲೆ ಯಾರಿಗೂ ನೆನಪೇ ಆಗಿರಲಿಲ್ಲ. ನಾವು ಅಲ್ಲಿಗೆ ತಲುಪಬೇಕಾಗಿದ್ದ ದಿನವೇ ಅದು.

ಫೋನಿನ ಧ್ವನಿ ಜೋರಾಗಿತ್ತು. ಮುದುಕಿಯ ಉತ್ಸಾಹದ ಮಾತು ನನಗೂ ಕೇಳುತ್ತಿತ್ತು. ನನಗೆ ತಿಳಿದಷ್ಟು ಕೆಲವೇ ಪದ. ಬೆಡ್ಸ್, ಮಿಲ್ಕ್, ಫೈರ್, ಯುವರ್ ಫಾದರ್. ಹಾಸಿಗೆ ಹಾಸಿ, ಹಾಲು ತಂದಿಟ್ಟು, ಬೆಂಕಿ ಹಾಕಲು ಸೌದೆ ಜೋಡಿಸಿದ್ದಳಂತೆ. ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳುತ್ತಿದ್ದಳು.

ಶೈಲಾ "ಸಾರಿ ಮಾರ್ಗರೆಟ್, ಫ್ಲೈಟ್ ಡಿಲೇ..." ಎಂದು ಶುರು ಮಾಡಿದಳು.

ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಹೋಗಿ ಅವಳ ಮುಂಗೈ ಹಿಡಿದುಕೊಂಡೆ. "ನಿಜ ಹೇಳೇ. ಆಯಮ್ಮ ಕಾಯ್ತಾ ಕೂತಿರ್ತಾಳೆ."

ಅವಳು ನನ್ನನ್ನು ನೋಡಿದಳು. ಆಮೇಲೆ, "ಮಾರ್ಗರೆಟ್, ಮೈ ಫಾದರ್ ಡೈಡ್" ಎಂದಳು. ಮುದುಕಿ ಮೆಲ್ಲಗೆ ಏನೋ ಹೇಳಿದಳು, ಶೈಲಾ ಯೆಸ್ ಯೆಸ್ ಎಂದು ಫೋನು ಇಟ್ಟಳು.

ಇಟ್ಟ ಮೇಲೆ ನೆಲದ ಮೇಲೆ ಕೂತು, ಪಕ್ಕದಲ್ಲಿ ಕೂತ ನನ್ನ ಮಡಿಲಿಗೆ ತಲೆ ಹಾಕಿದಳು. "ಅಪ್ಪ ಹೋಗ್ಬಿಟ್ರಮ್ಮ" ಎಂದಳು. ಕನ್ನಡದಲ್ಲಿ ಅವಳು ಆ ಮಾತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನಗೆ ಆಗಷ್ಟೇ ತಿಳಿಯುತ್ತಿರುವ ಸುದ್ದಿ ಎಂಬಂತೆ ನಾನು ಕೂತು ಕೇಳಿಸಿಕೊಂಡೆ.